ನಮ್ಮೂರ ಜನ, ನಮ್ಮ ಡೈರಿ



ಬೆಳ್ಳಿಹಬ್ಬದ ಸಂಚಿಕೆಗೆ ಊರಿನ ಇತಿಹಾಸ ಬರೆಯಿರಿ ಅಂತ ಅಧ್ಯಕ್ಷರು ಹೇಳಿದಾಗ ನಾನು ಹಿಂಜರಿದೆ. ಹೈದರಾಲಿ ಹುಟ್ಟಿದ ಬೂದಿಕೋಟೆ ನಮ್ಮ ಬಂಗಾರಪೇಟೆ ತಾಲ್ಲೂಕಿನದೇ. ಆದರೆ ನಮ್ಮೂರಲ್ಲಿ ಕೋಟೆಯೂ ಇಲ್ಲ, ಶಾಸನವೂ ಇಲ್ಲ. ಇಲ್ಲಿರುವ ಜನವೇ ನಮ್ಮ ಇತಿಹಾಸ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೆರೆ ಇದ್ದ ಕಡೆ ಊರು ಕಟ್ಟಿದರು. ಕೆರೆ ಕೆಳಗಿನ ಗದ್ದೆ ಹೆಚ್ಚಾಗಿ ಒಕ್ಕಲಿಗರದು. ಕುರಿ ಸಾಕುವ ಕುರುಬರು, ಹೂವು ತರಕಾರಿ ಬೆಳೆಯುವ ತಿಗಳರು, ಕಲ್ಲು ಮಣ್ಣಿನ ಕೆಲಸದ ಭೋವಿಗಳು, ಆಚಾರರು, ಮಡಿವಾಳರು, ಮುಸಲ್ಮಾನರು ಎಲ್ಲರೂ ಇದ್ದಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆ.ಜಿ.ಎಫ್. ಮಾರ್ಕೆಟ್ಟಿನಲ್ಲಿ ತಮಿಳು. ಇದು ನಮಗೆ ಹುಟ್ಟಿನಿಂದ ಬಂದ ರೂಢಿ. ತೂಬು ಎತ್ತಿ ನೀರು ಹಾಯಿಸುವ ನೀರುಗಂಟಿ ಪರಿಶಿಷ್ಟ ಜಾತಿಯವರು. ಅವರು ನೀರು ಬಿಟ್ಟರೇ ಗದ್ದೆ ನೆನೆಯುತ್ತಿತ್ತು, ಆದರೆ ಊರ ಬಾವಿ ಹತ್ತಿರ ಅವರು ಬರುವಂತಿರಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಇತಿಹಾಸ ಸುಳ್ಳಾಗುತ್ತದೆ. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 15,36,401. ಅದರಲ್ಲಿ ನೂರಕ್ಕೆ 30 ಜನ ಪರಿಶಿಷ್ಟ ಜಾತಿಯವರು. ರಾಜ್ಯದಲ್ಲೇ ಇದು ಹೆಚ್ಚು.

1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗೆ ಕೈ ಹಾಕಿದ ಮೇಲೆ ಸೀಮೆಯೇ ಬದಲಾಯಿತು. ಕಮಿಷನರ್ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆ (ಇಂದಿನ ಬಂಗಾರಪೇಟೆ) ರೈಲು ಜಂಕ್ಷನ್ ಆಯಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂತು. ತಮಿಳು ನಾಡಿನಿಂದ, ಚಿತ್ತೂರು ಕಡೆಯಿಂದ ಸಾವಿರಾರು ಜನ ಕೂಲಿಗೆ ಬಂದರು. ನಮ್ಮ ತಾತ ಎತ್ತಿನ ಗಾಡಿಯಲ್ಲಿ ರಾಬರ್ಟ್‌ಸನ್‌ಪೇಟೆಗೆ ಸೊಪ್ಪು, ಹುಣಸೆಹಣ್ಣು ಹಾಕುತ್ತಿದ್ದರು. ಕಾಲೋನಿಯಿಂದ ಕೆಲವರು ಗಣಿಗೆ ಇಳಿದರು. ತುಂಡು ಭೂಮಿ ಇಲ್ಲದವರ ಕೈಗೆ ಮೊದಲ ಸಲ ಸಂಬಳ ಬಂತು, ಅವರ ಮಕ್ಕಳು ಶಾಲೆಗೆ ಹೋದರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ದುಡಿಯಲು ಹೋದವರು ಊರಿಗೆ ವಾಪಸ್ ಬಂದರು. ಅದೇ ವರ್ಷ ನಮ್ಮ ಸಂಘ ಹುಟ್ಟಿತು. ನಾನಾಗ ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದಿದ್ದೆ.

ಮೊದಲ ವಾರವೇ ಗಲಾಟೆ. ಕಾಲೋನಿಯ ಅಮ್ಮ ಒಬ್ಬರು ಎರಡು ಲೀಟರ್ ಹಾಲು ತಂದರು. ಅದಕ್ಕೆ ಬೇರೆ ಕ್ಯಾನು ಇಡಿ ಅಂತ ಕೆಲವರು ಕೂಗಾಡಿದರು. ನಮ್ಮ ಮನೆ ಹಿರಿಯರೂ ಆ ಗುಂಪಿನಲ್ಲೇ ಇದ್ದರು. ನಾನೂ ಸುಮ್ಮನೆ ನಿಂತಿದ್ದೆ. ಆಗಿನ ಕಾರ್ಯದರ್ಶಿಗಳು, "ಫ್ಯಾಟ್ ನೋಡೋ ಮಿಷನ್ನಿಗೆ ಜಾತಿ ಗೊತ್ತಾಗಲ್ಲ ಕಣಣ್ಣ. ಒಂದೇ ಕ್ಯಾನು, ಇಲ್ಲಾಂದ್ರೆ ಬೀಗ ಹಾಕ್ತೀನಿ" ಅಂದರು. ಕೆಲವು ಮನೆಯವರು ಹಾಲು ಹಾಕುವುದನ್ನೇ ಬಿಟ್ಟರು. ಬಟವಾಡೆ ದಿನ ಬೇರೆಯವರ ಕೈಯಲ್ಲಿ ದುಡ್ಡು ನೋಡಿ, ಮಾರನೇ ದಿನ ಬೆಳಿಗ್ಗೆಯೇ ಕ್ಯೂನಲ್ಲಿ ನಿಂತರು! ಇವತ್ತು ಕ್ಯೂನಲ್ಲಿ ಯಾರ ಹಿಂದೆ ಯಾರು ಅಂತ ಯಾರೂ ನೋಡುವುದಿಲ್ಲ.

ಆದರೂ ಕೆಲಸ ಮುಗಿದಿಲ್ಲ. ನಮ್ಮ ಹುಡುಗರು ಕತ್ತಲಲ್ಲೇ ಎದ್ದು ಬಂಗಾರಪೇಟೆಯಿಂದ ಬೆಂಗಳೂರಿನ ರೈಲು ಹಿಡಿಯುತ್ತಾರೆ, ರಾತ್ರಿ ಮಲಗಲು ಊರಿಗೆ ಬರುತ್ತಾರೆ. ಗಣಿಯಿಂದ ವಾಪಸ್ ಬಂದ ಕೆಲವು ಮನೆಗಳಲ್ಲಿ ಇಂದಿಗೂ ಹಸುವಿಲ್ಲ, ಮೇವು ಬೆಳೆಯಲು ಜಮೀನಿಲ್ಲ. ಹಸುವಿಲ್ಲದವರಿಗೆ ನಮ್ಮ ಸಂಘದಲ್ಲಿ ಷೇರೂ ಇಲ್ಲ, ಮಾತೂ ಇಲ್ಲ. ಜನಗಣತಿಯಲ್ಲಿ ಅವರು ನಮ್ಮೂರಿನವರು, ಸದಸ್ಯರ ಪುಸ್ತಕದಲ್ಲಿ ಅವರ ಹೆಸರಿಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ, ಅಂಥ ಮನೆಗೊಂದು ಹಸು ಕೊಡಿಸಲು ಸಾಲಕ್ಕೆ ನಾವು ಜಾಮೀನು ನಿಲ್ಲೋಣ ಅಂತ ಕೇಳಲಿದ್ದೇನೆ. ಅವತ್ತು ಸುಮ್ಮನೆ ನಿಂತಿದ್ದವನು ಈಗಲಾದರೂ ಬಾಯಿ ಬಿಡಬೇಕಲ್ಲ. ತಾವೆಲ್ಲರೂ ಕೈ ಎತ್ತಬೇಕೆಂದು ಪ್ರಾರ್ಥನೆ.