ವರ್ಣತಂತು ಮುರಿದಾಗ: ಶ್ವಾಸಕೋಶದ ಕ್ಯಾನ್ಸರ್ ಮತ್ತು ರೋಗಿಯ ಆಯುಸ್ಸು

ಆರೋಗ್ಯವಂತ ಜೀವಕೋಶದಲ್ಲಿ 46 ವರ್ಣತಂತುಗಳಿರುತ್ತವೆ. ಶ್ವಾಸಕೋಶದ ಕ್ಯಾನ್ಸರ್ ಕೋಶದಲ್ಲಿ ಈ ಲೆಕ್ಕ ತಪ್ಪುತ್ತದೆ. ಕೆಲವು ತುಂಡುಗಳು ಕಳೆದುಹೋಗಿರುತ್ತವೆ, ಕೆಲವು ಹಲವು ಪಟ್ಟು ಹೆಚ್ಚಿರುತ್ತವೆ, ಇನ್ನು ಕೆಲವು ತಿರುವುಮುರುವಾಗಿ ಬೆಸೆದುಕೊಂಡಿರುತ್ತವೆ. ಈ ಏರುಪೇರಿಗೂ ರೋಗಿಯ ಆಯುಸ್ಸಿಗೂ ಇರುವ ನಂಟನ್ನು ಬಿಡಿಸಲು ವಿಜ್ಞಾನಕ್ಕೆ ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು.

ಮೊದಲ ಸುಳಿವು ಸಿಕ್ಕಿದ್ದು ಜರ್ಮನಿಯಲ್ಲಿ. ಕಡಲ ಜೀವಿಗಳ ಮೊಟ್ಟೆಗಳನ್ನು ಅಭ್ಯಾಸ ಮಾಡುತ್ತಿದ್ದ ಥಿಯೊಡೋರ್ ಬೊವೇರಿ, ವರ್ಣತಂತುಗಳ ಹಂಚಿಕೆ ತಪ್ಪಿದರೆ ಕೋಶ ಗಡ್ಡೆಯಾಗಿ ಬೆಳೆಯಬಲ್ಲದು ಎಂದು 1914ರಲ್ಲಿ ವಾದಿಸಿದರು. ಅದನ್ನು ಪರೀಕ್ಷಿಸುವ ಸಾಧನ ಆಗ ಇರಲಿಲ್ಲ. ಮನುಷ್ಯನ ವರ್ಣತಂತುಗಳ ಸರಿಯಾದ ಎಣಿಕೆ ಸಿಕ್ಕಿದ್ದೇ 1956ರಲ್ಲಿ. 1960ರಲ್ಲಿ ರಕ್ತದ ಕ್ಯಾನ್ಸರ್ ಒಂದರಲ್ಲಿ ‘ಫಿಲಡೆಲ್ಫಿಯಾ ವರ್ಣತಂತು’ ಕಂಡಾಗ ಬೊವೇರಿಯ ಊಹೆಗೆ ಬಲ ಬಂತು.

ಶ್ವಾಸಕೋಶದ ಸರದಿ ಬಂದದ್ದು 1982ರಲ್ಲಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜಾಕ್ವೆಲಿನ್ ವಾಂಗ್-ಪೆಂಗ್ ಮತ್ತು ಸಂಗಡಿಗರು, ಸ್ಮಾಲ್ ಸೆಲ್ ಬಗೆಯ ಕ್ಯಾನ್ಸರ್ ಕೋಶಗಳಲ್ಲಿ 3ನೇ ವರ್ಣತಂತುವಿನ ಗಿಡ್ಡ ತೋಳಿನ ಒಂದು ಭಾಗ ಮತ್ತೆ ಮತ್ತೆ ಕಾಣೆಯಾಗಿರುವುದನ್ನು ತೋರಿಸಿದರು. ಗಡ್ಡೆಯನ್ನು ತಡೆಯುವ ಜೀನ್‌ಗಳು ಅಲ್ಲಿವೆ ಎಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. 13 ಮತ್ತು 17ನೇ ವರ್ಣತಂತುಗಳಲ್ಲಿರುವ ಕಾವಲು ಜೀನ್‌ಗಳೂ ಹಾಳಾಗಿರುವುದು ಗೊತ್ತಾಯಿತು. ಇನ್ನೊಂದೆಡೆ ಮಿಕ್ ಎಂಬ ಜೀನ್‌ನ ಪ್ರತಿಗಳು ವಿಪರೀತ ಹೆಚ್ಚಿರುವುದು 1983ರಲ್ಲಿ ಪತ್ತೆಯಾಯಿತು. ಚಿಕಿತ್ಸೆ ಪಡೆದೂ ಆ ಹೆಚ್ಚಳವಿದ್ದ ರೋಗಿಗಳು ಬೇಗ ತೀರಿಕೊಳ್ಳುತ್ತಾರೆಂದು 1987ರ ಅಧ್ಯಯನ ಹೇಳಿತು. ಈ ಘಟ್ಟದಲ್ಲಿ ವರ್ಣತಂತು ದೋಷ ಕೇವಲ ಕೆಟ್ಟ ಮುನ್ಸೂಚನೆಯಾಗಿತ್ತು. ವೈದ್ಯರು ಅದನ್ನು ಓದಬಹುದಿತ್ತು, ಅದಕ್ಕೆ ಮದ್ದು ಕೊಡಲು ಆಗುತ್ತಿರಲಿಲ್ಲ.

2007 ಈ ಚಿತ್ರವನ್ನು ಬದಲಿಸಿತು. ಜಪಾನಿನ ಹಿರೊಯುಕಿ ಮಾನೊ ಅವರ ತಂಡ 2ನೇ ವರ್ಣತಂತುವಿನ ಒಂದು ತುಣುಕು ತಿರುಗಿ ಕೂತು, ಇಎಂಎಲ್4 ಮತ್ತು ಎಎಲ್‌ಕೆ ಎಂಬ ಎರಡು ಜೀನ್‌ಗಳು ಒಂದಾಗಿರುವುದನ್ನು ಕಂಡಿತು. ಈ ಜೋಡಿಯಿಂದ ಹುಟ್ಟುವ ಪ್ರೋಟೀನು ಕೋಶಕ್ಕೆ ‘ಬೆಳೆ, ಬೆಳೆ’ ಎಂದು ಬಿಡುವಿಲ್ಲದೆ ಆಜ್ಞೆ ಕೊಡುತ್ತದೆ. ನಾನ್-ಸ್ಮಾಲ್ ಸೆಲ್ ಎಂಬ ಇನ್ನೊಂದು ಬಗೆಯ ಶ್ವಾಸಕೋಶದ ಕ್ಯಾನ್ಸರ್‌ನ ಸುಮಾರು 5% ರೋಗಿಗಳಲ್ಲಿ ಇದು ಕಾಣುತ್ತದೆ. ಅವರಲ್ಲಿ ಬೀಡಿ-ಸಿಗರೇಟು ಮುಟ್ಟದ, ಚಿಕ್ಕ ವಯಸ್ಸಿನವರೇ ಹೆಚ್ಚು.

ನಾಲ್ಕೇ ವರ್ಷದಲ್ಲಿ, 2011ರಲ್ಲಿ, ಆ ಪ್ರೋಟೀನನ್ನು ಕಟ್ಟಿಹಾಕುವ ಕ್ರಿಜೋಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ರೋಗ ಮತ್ತೆ ಉಲ್ಬಣಿಸದ ಅವಧಿಯ ಮಧ್ಯಾಂಕ ಕಿಮೊಥೆರಪಿಯಲ್ಲಿ 7 ತಿಂಗಳಿದ್ದರೆ, ಇದರಲ್ಲಿ ಸುಮಾರು 11 ತಿಂಗಳು. 2024ರಲ್ಲಿ ಪ್ರಕಟವಾದ ‘ಕ್ರೌನ್’ ಅಧ್ಯಯನದಲ್ಲಿ ಹೊಸ ಮಾತ್ರೆ ಲೋರ್ಲಾಟಿನಿಬ್ ಪಡೆದ 60% ರೋಗಿಗಳಲ್ಲಿ ಐದು ವರ್ಷ ಕಳೆದರೂ ರೋಗ ಮುಂದುವರಿದಿರಲಿಲ್ಲ. ಕ್ರಿಜೋಟಿನಿಬ್ ಗುಂಪಿನಲ್ಲಿ ಆ ಪ್ರಮಾಣ 8% ಮಾತ್ರ. ಇವರೆಲ್ಲ ರೋಗ ಬಲಿತವರು ಎಂಬುದನ್ನು ನೆನೆದರೆ ಈ ಅಂಕಿಗಳ ತೂಕ ತಿಳಿಯುತ್ತದೆ.

ಯಾವ ದೋಷ ಎಂಬುದರ ಜೊತೆಗೆ, ದೋಷ ಗಡ್ಡೆಯೊಳಗೆ ಹೇಗೆ ಹರಡಿದೆ ಎಂಬುದೂ ಮುಖ್ಯವೆಂದು ಬ್ರಿಟನ್ನಿನ ‘ಟ್ರೇಸರ್‌ಎಕ್ಸ್’ ಅಧ್ಯಯನ ತೋರಿಸಿತು. ಚಾರ್ಲ್ಸ್ ಸ್ವಾಂಟನ್ ನೇತೃತ್ವದ ತಂಡ 100 ರೋಗಿಗಳ ಗಡ್ಡೆಗಳನ್ನು ಹಲವು ಕಡೆ ಕತ್ತರಿಸಿ ನೋಡಿ 2017ರಲ್ಲಿ ವರದಿ ಮಾಡಿತು. ಒಂದೇ ಗಡ್ಡೆಯ ಬೇರೆ ಬೇರೆ ಭಾಗಗಳಲ್ಲಿ ವರ್ಣತಂತುಗಳ ಪ್ರತಿಗಳು ತೀರ ಬೇರೆಯಾಗಿದ್ದರೆ, ರೋಗ ಮರುಕಳಿಸುವ ಇಲ್ಲವೇ ಸಾವಿನ ಅಪಾಯ ಹೆಚ್ಚುಕಡಿಮೆ ಐದು ಪಟ್ಟು. ಅಸ್ಥಿರ ವರ್ಣತಂತುಗಳು ಗಡ್ಡೆಗೆ ದಿನದಿನವೂ ಹೊಸ ರೂಪ ಕೊಡುತ್ತವೆ, ಔಷಧಕ್ಕೆ ಬಗ್ಗದ ಕೋಶಗಳು ಹೀಗೆ ಹುಟ್ಟಿಕೊಳ್ಳುತ್ತವೆ.

ಇಷ್ಟಾದರೂ ಗೆಲುವು ಒಂದೇ ಮಗ್ಗುಲಿಗೆ ವಾಲಿದೆ. ಅತಿಯಾಗಿ ದುಡಿಯುವ ಪ್ರೋಟೀನನ್ನು ಮಾತ್ರೆ ತಡೆಯಬಲ್ಲದು. ಕಳೆದುಹೋದ ಜೀನನ್ನು ಮರಳಿಸಲಾರದು. ಅದಕ್ಕೇ ಎಎಲ್‌ಕೆ ರೋಗಿಗಳ ಬದುಕು ಹಿಗ್ಗಿತು, 1982ರಲ್ಲೇ ಗುರುತಿಸಿದ 3ನೇ ವರ್ಣತಂತುವಿನ ನಷ್ಟಕ್ಕೆ ಇಂದಿಗೂ ನೇರ ಮದ್ದಿಲ್ಲ. ಬಯಾಪ್ಸಿಯ ಚೂರಿನಲ್ಲಿ ಎಎಲ್‌ಕೆಯಂಥ ಜೀನ್ ಬೆಸುಗೆಗಳನ್ನು ಹುಡುಕದೆ ಚಿಕಿತ್ಸೆ ಶುರು ಮಾಡುವುದು, ಮದ್ದಿರುವ ರೋಗಿಗೂ ಅದನ್ನು ತಪ್ಪಿಸಿದಂತೆ. ಆ ಪರೀಕ್ಷೆ ಎಲ್ಲರ ಕೈಗೆಟುಕಬೇಕು. ಮುಂದಿನ ಸಂಶೋಧನೆ ಸ್ಮಾಲ್ ಸೆಲ್ ರೋಗಿಗಳ ಪಾಲಿನ ಆ ನಷ್ಟದತ್ತ ಹೊರಳಬೇಕು.