ಎಲ್ಲಮ್ಮನ ಗುಡ್ಡದ ಮಕ್ಕಳ ಮಾತು

ಸವದತ್ತಿಯ ಎಲ್ಲಮ್ಮನ ಗುಡ್ಡದ ಕತೆ ಮೂಲತಃ ಒಂದು ಮನೆಯ ಜಗಳದ ಕತೆ. ಹೆಂಡತಿ ರೇಣುಕೆಯ ತಲೆ ಕಡಿಯಿರೆಂದು ಜಮದಗ್ನಿ ಮಕ್ಕಳಿಗೆ ಹೇಳುತ್ತಾನೆ. ಒಲ್ಲೆವೆಂದ ಹಿರಿಯರಿಗೆ ಶಾಪ; ಎದುರಾಡದೆ ಕೊಡಲಿ ಎತ್ತಿದ ಪರಶುರಾಮನಿಗೆ ವರ. ಅಪ್ಪ ಅವ್ವರ ಸಂಬಂಧ ಮಕ್ಕಳ ನಾಲಿಗೆಯನ್ನು ಹೇಗೆ ಕಟ್ಟಿಹಾಕುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕೆ?

ನಮ್ಮ ಕೇರಿಯಲ್ಲಿ ಈ ಕತೆ ಬೇರೆ ಥರ ನಡೆಯಿತು. ನನ್ನವ್ವ ಮುತ್ತು ಕಟ್ಟಿಸಿಕೊಂಡವಳು. ಅಪ್ಪ ಎಂಬುವವನು ಊರೊಳಗಿನವನು. ಕತ್ತಲಾದ ಮೇಲೆ ಬರುತ್ತಿದ್ದ. ಅವ್ವ ಅವನಿಗೆ ‘ಧಣ್ಯಾರ’ ಅಂತಿದ್ದಳು, ನಾನೂ ಹಾಗೇ ಅಂತಿದ್ದೆ. ಅವನಿದ್ದಾಗ ಅವಳ ದನಿ ಸಣ್ಣದಾಗುತ್ತಿತ್ತು. ಹೋದ ಮೇಲೆ ಒಲೆ ಮುಂದೆ ಕೂತು ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ನಾನು ಕಲಿತದ್ದು ಈ ಎರಡೇ ಭಾಷೆ. ಶಾಲೆಯಲ್ಲಿ ‘ನಿಮ್ಮಪ್ಪನ ಹೆಸರೇನಲೇ?’ ಅಂದಾಗ ಮೊದಲನೆಯದು. ಹುಡುಗರು ಅದನ್ನೇ ಕೇಳಿದಾಗ ಎರಡನೆಯದು. ಇವತ್ತು ಕಾಲೇಜಿನಲ್ಲಿ ಪಾಠ ಹೇಳುವ ನಾನು ಮೇಲಿನವರ ಮುಂದೆ ‘ಹೂಂನ್ರಿ’ ಅಂದು ಬಂದು, ಮನೆಯಲ್ಲಿ ಹೆಂಡತಿಯ ಮೇಲೆ ಚೀರುತ್ತೇನೆ.

ಇದು ಬರೀ ನನ್ನ ಸ್ವಭಾವವಲ್ಲ, ಇತಿಹಾಸವೂ ಹೌದು. ಈ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1934ರ ದೇವದಾಸಿ ರಕ್ಷಣಾ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು. ದೇವದಾಸಿಯ ಮದುವೆಯೂ ಅದರಲ್ಲಿ ಹುಟ್ಟಿದ ಮಕ್ಕಳೂ ಸಕ್ರಮವೆಂದಿತು. ಮದುವೆಯೇ ಇಲ್ಲದ ಕಡೆ ಹುಟ್ಟಿದವರಿಗೆ ಆ ಸಾಲು ಏನು ಕೊಟ್ಟೀತು? ಕರ್ನಾಟಕ 1982ರಲ್ಲಿ ಮತ್ತೆ ನಿಷೇಧದ ಕಾಯ್ದೆ ಮಾಡಿತು. ಅದಾದ ಮೇಲೂ ಅವ್ವನ ಕೊರಳಿಗೆ ಮುತ್ತು ಬಿತ್ತು. ಕಾಯ್ದೆ ಗುಡಿಯ ಬಾಗಿಲವರೆಗೆ ಬಂತು, ಧಣಿಯ ಹೊಲದವರೆಗೆ ಬರಲಿಲ್ಲ.

ನಮ್ಮ ವಿಮರ್ಶೆಯೋ, ದಲಿತನ ಮೌನವನ್ನು ದೈನ್ಯವೆಂದೂ ಸಿಟ್ಟನ್ನು ಬಂಡಾಯವೆಂದೂ ಓದಿ ಮುಗಿಸಿತು. 1920ರಲ್ಲಿ ಬಾಬಾಸಾಹೇಬರು ತಮ್ಮ ಪತ್ರಿಕೆಗೆ ‘ಮೂಕನಾಯಕ’ ಎಂದು ಹೆಸರಿಟ್ಟರು. ಊರ ಮುಂದೆ ಮೂಕರಾದವರು ಮನೆಯೊಳಗೆ ಯಾರನ್ನು ಮೂಕರನ್ನಾಗಿಸುತ್ತಾರೆ ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕು. ಧಣಿಗೆ ತಲುಪದ ಸಿಟ್ಟು ಹೆಂಡತಿಗೆ ತಲುಪಿದರೆ ಅದು ಬಂಡಾಯವಲ್ಲ, ಪರಶುರಾಮನ ಕೊಡಲಿ.

ಮೊನ್ನೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುತ್ತಿದ್ದೆ. ತಂದೆಯ ಹೆಸರಿನ ಜಾಗ ಬಂದಾಗ ಒಬ್ಬ ಹುಡುಗಿ ಅವ್ವನ ಹೆಸರು ಹೇಳಿ, ‘ಅಷ್ಟ ಬರೀರಿ ಸರ್’ ಅಂದಳು. ತಲೆ ತಗ್ಗಿಸಲಿಲ್ಲ, ದನಿ ಏರಿಸಲೂ ಇಲ್ಲ. ಆ ಮೂರನೆಯ ಮಾತನ್ನು ನಮ್ಮ ವಿಮರ್ಶೆ ಇನ್ನೂ ಕಲಿಯಬೇಕಿದೆ. ನಾನೂ.