ಇಪ್ಪತ್ತೊಂಬತ್ತು ಡಾಲರಿನ ಬಣ್ಣ

ಮೋಟಾರು ಕಾರಿಗೆ ಬಣ್ಣ ಹಚ್ಚುವ ಕಸುಬು ಅಮೆರಿಕದಲ್ಲಿ ಕುದುರೆ ಸಾರೋಟು ಕಟ್ಟುವವರ ಕೈಯಿಂದ ಬಂದದ್ದು. ವಾರ್ನಿಷನ್ನು ಕುಂಚದಿಂದ ಪದರ ಪದರವಾಗಿ ಬಳಿದು, ಒಣಗಲು ಬಿಟ್ಟು, ಉಜ್ಜಿ ಮತ್ತೆ ಬಳಿಯುವ ಆ ಕ್ರಮಕ್ಕೆ ವಾರಗಳೇ ಹಿಡಿಯುತ್ತಿದ್ದುದರಿಂದ, ಹಳೆಯ ವಾಹನಕ್ಕೆ ಹೊಸ ಬಣ್ಣ ಕೊಡಿಸುವುದು ಉಳ್ಳವರಿಗಷ್ಟೇ ಎಟುಕುತ್ತಿತ್ತು. 1923ರಲ್ಲಿ ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರುಗಳ ಮೇಲೆ ಕಾಣಿಸಿಕೊಂಡ ಡ್ಯೂಪಾಂಟ್ ಕಂಪನಿಯ ಡ್ಯೂಕೋ, ಅಂದರೆ ರಾಸಾಯನಿಕವಾಗಿ ಮಾರ್ಪಡಿಸಿದ ಹತ್ತಿಯ ನಾರನ್ನು ದ್ರಾವಕದಲ್ಲಿ ಕರಗಿಸಿ ತಯಾರಿಸಿದ ಲ್ಯಾಕರ್, ದ್ರಾವಕ ಆರಿದೊಡನೆ ಗಟ್ಟಿಯಾಗುತ್ತಿತ್ತು; ಅದನ್ನು ಸಿಂಪಡಿಸುವ ಸ್ಪ್ರೇ ಗನ್ ಆಗಲೇ ಬಳಕೆಯಲ್ಲಿತ್ತು. ವಾರಗಳ ಕೆಲಸ ದಿನಗಳಿಗಿಳಿಯಿತು.

ಒಣಗುವ ಕಾಲ ಇಳಿಯಿತೇ ಹೊರತು ಸಿದ್ಧತೆಯ ಶ್ರಮ ಇಳಿಯಲಿಲ್ಲ. ತುಕ್ಕು ಕೆರೆಯುವುದು, ತಗ್ಗಿಗೆ ಪುಟ್ಟಿ ತುಂಬುವುದು, ಮರಳುಕಾಗದದಿಂದ ಉಜ್ಜುವುದು, ಲೋಹಕ್ಕೂ ಬಣ್ಣಕ್ಕೂ ಬೆಸುಗೆಯಾಗುವ ಪ್ರೈಮರ್ ಹಚ್ಚುವುದು, ಗಾಜು ಮತ್ತು ಕ್ರೋಮ್ ಪಟ್ಟಿಗಳನ್ನು ಬಿಚ್ಚುವುದು ಅಥವಾ ಕಾಗದದಿಂದ ಮುಚ್ಚುವುದು, ಇವೆಲ್ಲ ಕೈಕೆಲಸವಾಗಿಯೇ ಉಳಿದುದರಿಂದ ಅಗ್ಗದ ಅಂಗಡಿ ಉಳಿತಾಯ ಮಾಡಬಹುದಾದ ಜಾಗವೂ ಇದೊಂದೇ ಆಯಿತು. 1937ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬಣ್ಣದ ಅಂಗಡಿ ತೆರೆದ ಅರ್ಲ್ ಶೈಬ್, ಮುಂದೆ ದೂರದರ್ಶನದ ಜಾಹೀರಾತುಗಳಲ್ಲಿ ತಾನೇ ನಿಂತು, ಯಾವ ಕಾರಿಗಾದರೂ ಯಾವ ಬಣ್ಣವನ್ನಾದರೂ 29.95 ಡಾಲರಿಗೆ ಹಚ್ಚುವುದಾಗಿ ಸಾರಿದ್ದು ಈ ಲೆಕ್ಕಾಚಾರದ ಬಲದಿಂದಲೇ. ಅವನ ಅಂಗಡಿಯಿಂದ ಹೊರಬಂದ ಕಾರಿನ ರಬ್ಬರು, ಕ್ರೋಮುಗಳ ಮೇಲೂ ಬಣ್ಣ ಕೂತಿರುತ್ತದೆಂಬ ಲೇವಡಿ ಬಹುಕಾಲ ಚಾಲ್ತಿಯಲ್ಲಿತ್ತು. ಲೇವಡಿ ಪೂರ್ತಿ ನ್ಯಾಯವಾದುದಲ್ಲ. ಮಾರಾಟಕ್ಕಿಟ್ಟ ಹಳೆಯ ಕಾರನ್ನು ಒಂದಿಷ್ಟು ಕಣ್ಣಿಗೆ ಹಿಡಿಯುವಂತೆ ಮಾಡಬೇಕಿದ್ದವನು ಅದಕ್ಕಿಂತ ಹೆಚ್ಚಿನದನ್ನು ಕೇಳಿರಲೂ ಇಲ್ಲ. ಜಾಣ ಗಿರಾಕಿಗಳು ಉಜ್ಜುವ, ಬಿಚ್ಚುವ ಕೆಲಸವನ್ನು ಮನೆಯಲ್ಲೇ ಮುಗಿಸಿ, ಸಿಂಪಡಣೆಗೆ ಮಾತ್ರ ಕಾರನ್ನು ಅಂಗಡಿಗೆ ಒಯ್ಯುತ್ತಿದ್ದರು, ಮತ್ತು ಅಷ್ಟೇ ಹಣಕ್ಕೆ ಎಷ್ಟೋ ಮೇಲಾದ ಬಣ್ಣ ಅವರಿಗೆ ದಕ್ಕುತ್ತಿತ್ತು.

1972ರಲ್ಲಿ ಆಂಥನಿ ಮಾರ್ಟಿನೊ ಆರಂಭಿಸಿದ ಮಾಕೊ ಇದೇ ಗಿರಾಕಿಯನ್ನು ಫ್ರಾಂಚೈಸಿ ಪದ್ಧತಿಯಲ್ಲಿ, ಅಂದರೆ ಹೆಸರನ್ನು ಬಾಡಿಗೆಗೆ ಪಡೆದ ಸ್ಥಳೀಯ ಮಾಲೀಕರ ಮೂಲಕ ಹಿಡಿಯಿತು. ಅಲ್ಲಿ ಒಂದೇ ದರದ ಬದಲು ಅಗ್ಗದಿಂದ ದುಬಾರಿಯವರೆಗೆ ಹಂತಗಳು ಬಂದವು, ಹಂತ ಏರಿದಂತೆ ಗಿರಾಕಿ ಹೆಚ್ಚಾಗಿ ಕೊಳ್ಳುತ್ತಿದ್ದುದು ಮತ್ತದೇ ಸಿದ್ಧತೆಯನ್ನು. ಮುಂದೆ ಕಾರ್ಖಾನೆಗಳೇ ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಹಚ್ಚತೊಡಗಿದವು, ದ್ರಾವಕದ ಆವಿ ಗಾಳಿ ಸೇರುವುದನ್ನು ತಡೆಯುವ ನಿಯಮಗಳು ಕ್ಯಾಲಿಫೋರ್ನಿಯಾದಲ್ಲಿ ಬಿಗಿಯಾದವು. ಇಂಥ ಅಂಗಡಿಗಳು ಹಚ್ಚುತ್ತಿದ್ದ, ಒಂದೇ ಪದರದ ಅಗ್ಗದ ಎನಾಮೆಲ್ ಬಣ್ಣಕ್ಕೆ ಎಡೆ ಕಿರಿದಾಗುತ್ತ ಹೋಯಿತು. ಶೈಬ್ 1992ರಲ್ಲಿ ತೀರಿಕೊಂಡ, ಅವನ ಕಂಪನಿ 2010ರಲ್ಲಿ ಬಾಗಿಲು ಮುಚ್ಚಿತು.